ಸಿಆರ್‌ಪಿಯ ದಿನ ಯಾರ ಕೈಯಲ್ಲಿದೆ? ಬಿಆರ್‌ಸಿ, ಸಿಆರ್‌ಸಿ ಆಡಳಿತದಲ್ಲಿ ಕಲಿತದ್ದು

ಸಂಪನ್ಮೂಲ ಕೇಂದ್ರಗಳ ಮಾತು ಬಂದಾಗಲೆಲ್ಲ ಚರ್ಚೆ ತರಬೇತಿಯ ಗುಣಮಟ್ಟ, ಮಾಡ್ಯೂಲು, ಅನುದಾನಗಳತ್ತ ಹೊರಳುತ್ತದೆ. ಆದರೆ ತಾಲ್ಲೂಕಿನ ಬಿಆರ್‌ಸಿಯಿಂದ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ, ಶಿಕ್ಷಕರಿಗೆ ನಿಜಕ್ಕೂ ಆಸರೆ ಸಿಗುತ್ತಿದೆಯೇ ಎಂದು ತಿಳಿಯಲು ಎರಡು ಕಾಗದ ಸಾಕು. ಒಂದು, ಸಿಆರ್‌ಪಿಗಳು (ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿಗಳು) ಹಿಂದಿನ ತಿಂಗಳಿಗೆ ಕೊಟ್ಟಿದ್ದ ಮುಂಗಡ ಪ್ರವಾಸ ಪಟ್ಟಿ. ಇನ್ನೊಂದು, ಆ ತಿಂಗಳು ಅವರು ನಿಜವಾಗಿ ಹೋದ ಶಾಲೆಗಳ ಪಟ್ಟಿ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ಕೇಂದ್ರವನ್ನು ನಡೆಸುತ್ತಿರುವವರು ಯಾರೆಂದು ಗೊತ್ತಾಗುತ್ತದೆ. ಬಹಳಷ್ಟು ಕಡೆ ಅದನ್ನು ನಡೆಸುವುದು ಬೆಳಗ್ಗೆ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದು ಬೀಳುವ ‘ಅತಿ ಜರೂರು’ ಪತ್ರ.

ಈ ವ್ಯವಸ್ಥೆ ಏಕಕಾಲಕ್ಕೆ ಕೂತು ಕಟ್ಟಿದ್ದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಬಂದವು. 1994ರಲ್ಲಿ ಶುರುವಾದ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಕರ್ನಾಟಕದಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಿಗೆ ಬಂತು. ಬ್ಲಾಕು ಮತ್ತು ಕ್ಲಸ್ಟರ್ ಮಟ್ಟದ ಸಂಪನ್ಮೂಲ ಕೇಂದ್ರಗಳು (ಬಿಆರ್‌ಸಿ, ಸಿಆರ್‌ಸಿ) ಅದರ ಜೊತೆಗೇ ಬೆಳೆದವು. 2001ರಿಂದ ಸರ್ವ ಶಿಕ್ಷಣ ಅಭಿಯಾನ ಅವನ್ನು ಎಲ್ಲೆಡೆ ಹರಡಿತು. 2018ರಲ್ಲಿ ಎಲ್ಲವೂ ಸಮಗ್ರ ಶಿಕ್ಷಣದ ಕೊಡೆಯಡಿ ಸೇರಿದವು. ಒಂದರ ಮೇಲೊಂದು ಪದರ ಕೂತಿದ್ದರಿಂದ ಆದೇಶದ ದಾರಿಗಳು ಮೂರಾಗಿವೆ. ಆಡಳಿತದ ದಾರಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಡಿಡಿಪಿಐಗೆ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ) ಹೋಗುತ್ತದೆ. ಶೈಕ್ಷಣಿಕ ದಾರಿ ಡಯಟ್ ಮೂಲಕ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಗೆ. ಹಣದ ದಾರಿ ಸಮಗ್ರ ಶಿಕ್ಷಣದ ಜಿಲ್ಲಾ ಮತ್ತು ರಾಜ್ಯ ಕಚೇರಿಗೆ. ಡಯಟ್ ಪ್ರಾಂಶುಪಾಲರೇ ಅಭಿವೃದ್ಧಿ ವಿಭಾಗದ ಉಪನಿರ್ದೇಶಕರೂ ಆಗಿರುವುದರಿಂದ ಕಾಗದದ ಮೇಲೆ ಶೈಕ್ಷಣಿಕ ದಾರಿಗೂ ತೂಕವಿದೆ. ಆದರೆ ರಜೆ ಮಂಜೂರು ಮಾಡುವವರು, ನೋಟಿಸು ಕೊಡುವವರು ಬಿಇಒ. ಹೀಗಾಗಿ ಡಯಟ್ ಕರೆದ ಸಭೆ ಮತ್ತು ಬಿಇಒ ಕೇಳಿದ ಅಂಕಿಅಂಶ ಒಂದೇ ದಿನಕ್ಕೆ ಬಿದ್ದರೆ ಸಿಆರ್‌ಪಿ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು ದಾರಿಗಳನ್ನು ಒಂದು ಮಾಡುವುದು ತಾಲ್ಲೂಕು ಮಟ್ಟದ ಕೆಲಸವಲ್ಲ, ಅದು ಆಗುವಂಥದ್ದೂ ಅಲ್ಲ. ತಾಲ್ಲೂಕಿನಲ್ಲಿ ಆಗುವುದು ಇಷ್ಟು: ಸಿಆರ್‌ಪಿಯ ದಿನಗಳಲ್ಲಿ ಎಷ್ಟು ಯಾರಿಗೆ ಎಂದು ಮೊದಲೇ ಹಂಚಿ, ಆ ಹಂಚಿಕೆಯನ್ನು ಬರಹದಲ್ಲಿಟ್ಟು, ಮುರಿದಾಗಲೆಲ್ಲ ದಾಖಲಿಸುವುದು.

ದಿನಗಳ ಲೆಕ್ಕ

ಸರ್ವ ಶಿಕ್ಷಣ ಅಭಿಯಾನದ ಮಾನದಂಡದಲ್ಲಿ ಒಂದು ಕ್ಲಸ್ಟರಿಗೆ ಹೆಚ್ಚೆಂದರೆ 18 ಶಾಲೆ. ಈಗಲೂ ಲೆಕ್ಕಕ್ಕೆ ಹಿಡಿಯುವುದು ಅದನ್ನೇ. ತಿಂಗಳಿಗೆ 24 ಕೆಲಸದ ದಿನ ಎಂದುಕೊಳ್ಳಿ. ಕ್ಲಸ್ಟರಿನ ಸಮಾಲೋಚನಾ ಸಭೆಗೆ ಒಂದು ದಿನ, ಬಿಆರ್‌ಸಿಯ ಮಾಸಿಕ ಪರಿಶೀಲನೆಗೆ ಒಂದು, ಸಭೆಯ ತಯಾರಿಗೂ ಬರವಣಿಗೆಗೂ ಎರಡು. ಉಳಿದದ್ದು 20. ಪ್ರತಿ ಶಾಲೆಗೂ ತಿಂಗಳಿಗೊಂದು ಪೂರ್ಣ ದಿನದ ಭೇಟಿ ಕೊಟ್ಟರೆ 18 ಹೋಗಿ ಎರಡು ದಿನ ಕೈಯಲ್ಲಿ ಉಳಿಯುತ್ತವೆ. ಬಿಗಿಯಾದ ಲೆಕ್ಕವೇ, ಆದರೂ ಸಾಧ್ಯ.

ಇದರಲ್ಲಿ ಎಂಟು ದಿನ ಮಾಹಿತಿ ಸಂಗ್ರಹಕ್ಕೆ, ಪುಸ್ತಕ ಹಾಗೂ ಶೂ ವಿತರಣೆಯ ಮೇಲ್ವಿಚಾರಣೆಗೆ, ಕಚೇರಿಯಲ್ಲಿ ಕೂತು ಫಾರಂ ತುಂಬುವುದಕ್ಕೆ ಹೋಯಿತೆನ್ನಿ. ಭೇಟಿ 12ಕ್ಕೆ ಇಳಿಯುತ್ತದೆ. ಶಾಲೆಗೆ ಸರಾಸರಿ ನಾಲ್ವರು ಶಿಕ್ಷಕರಿದ್ದರೆ ಕ್ಲಸ್ಟರಿನಲ್ಲಿ 72 ಮಂದಿ. ಒಂದು ಭೇಟಿಯಲ್ಲಿ ಇಬ್ಬರ ತರಗತಿ ಸರಿಯಾಗಿ ನೋಡಿ ಮಾತಾಡಬಹುದು. ಹಾಗೆ ತಿಂಗಳಿಗೆ 24 ಮಂದಿ. ಅಂದರೆ ಒಬ್ಬ ಶಿಕ್ಷಕರಿಗೆ ಮೂರು ತಿಂಗಳಿಗೊಮ್ಮೆ ಸರದಿ ಬರುತ್ತದೆ. ಹೋದ ಸಲ ಏನು ಹೇಳಿದ್ದು ಎಂದು ಅಷ್ಟರಲ್ಲಿ ಇಬ್ಬರಿಗೂ ಮರೆತಿರುತ್ತದೆ, ಆ ಪಾಠವೂ ಮುಗಿದಿರುತ್ತದೆ. ಸಿಆರ್‌ಪಿ ಬಂದು ಪ್ರಯೋಜನವಿಲ್ಲ ಎನ್ನುವ ಶಿಕ್ಷಕರ ದೂರಿನ ಮೂಲ ಹೆಚ್ಚಾಗಿ ಇದೇ. ಸಾಮರ್ಥ್ಯದ ಪ್ರಶ್ನೆ ಆಮೇಲಿನದು.

ಕೆಲಸ ಮಾಡುವ ಕ್ರಮ ಸರಳವಾಗಿದೆ. ಪ್ರತಿ ತಿಂಗಳ 25ರೊಳಗೆ ಮುಂದಿನ ತಿಂಗಳ ಪ್ರವಾಸ ಪಟ್ಟಿ ಬಿಆರ್‌ಸಿ ಸಮನ್ವಯಾಧಿಕಾರಿಗೆ ತಲುಪಬೇಕು. ಪಟ್ಟಿಯಲ್ಲಿ ಶಾಲೆಯ ಹೆಸರಷ್ಟೇ ಸಾಲದು. ಯಾವ ತರಗತಿ, ಯಾವ ವಿಷಯ, ಹಿಂದಿನ ಭೇಟಿಯ ಯಾವ ಅಂಶವನ್ನು ಮತ್ತೆ ನೋಡಬೇಕು ಎಂಬುದೂ ಇರಬೇಕು. ಬಿಇಒ ಅನುಮೋದಿಸಿ, ಡಯಟ್‌ನಲ್ಲಿ ಆ ತಾಲ್ಲೂಕಿನ ನೋಡಲ್ ಉಪನ್ಯಾಸಕರಿಗೆ ಪ್ರತಿ ಕಳುಹಿಸಬೇಕು. ಈ ಪ್ರತಿ ಹೋಗುವುದು ಮುಖ್ಯ, ಯಾಕೆಂದರೆ ಆಗ ಪಟ್ಟಿ ಮುರಿಯುವವರು ಇಬ್ಬರಿಗೆ ಉತ್ತರ ಹೇಳಬೇಕಾಗುತ್ತದೆ. ವಾರದಲ್ಲಿ ಎರಡು ದಿನವನ್ನು, ಮಂಗಳವಾರ ಮತ್ತು ಗುರುವಾರ ಎಂದಿಟ್ಟುಕೊಳ್ಳಿ, ಯಾರೂ ಕಚೇರಿಗೆ ಕರೆಯದ ದಿನಗಳೆಂದು ಬಿಇಒ ಜ್ಞಾಪನವನ್ನೇ ಹೊರಡಿಸಬೇಕು. ಬಾಯಿಮಾತಿನ ಒಪ್ಪಂದ ಬಿಇಒ ವರ್ಗವಾದ ದಿನವೇ ಮುಗಿಯುತ್ತದೆ.

ಇದರ ಜೊತೆಗೆ ಒಂದು ಪುಟ್ಟ ವಹಿ ಇಡಬೇಕು. ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಕರೆ ಬಂದಾಗಲೆಲ್ಲ ದಿನಾಂಕ, ಕರೆದ ಕಚೇರಿ, ವಿಷಯ, ಹೋದ ಗಂಟೆಗಳು, ರದ್ದಾದ ಭೇಟಿ ಎಂದು ಐದು ಅಂಕಣ. ತಿಂಗಳ ಕೊನೆಗೆ ಕೂಡಿಸಿ ಒಂದು ಸಾಲಿನಲ್ಲಿ ವರದಿ. ದೂರಿನ ಧಾಟಿ ಬೇಡ, ಅಂಕಿ ಸಾಕು. ಎಲ್ಲ ಕ್ಲಸ್ಟರ್‌ಗಳ ಮೊತ್ತ ಒಂದೇ ಹಾಳೆಯಲ್ಲಿ ಡಿಡಿಪಿಐ ಸಭೆಯ ಮುಂದೆ ಬಂದಾಗ ಅದರಷ್ಟು ಪರಿಣಾಮ ಮಾಡುವ ಮನವಿಪತ್ರ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಪ್ರಕರಣ ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಸಿಆರ್‌ಪಿಗಳೂ ಮೂಲತಃ ಶಿಕ್ಷಕರೇ ಎಂಬುದನ್ನು ಆ ವರದಿಯ ಕೆಳಗೆ ಒಂದು ಸಾಲಿನಲ್ಲಿ ನೆನಪಿಸಿದರೆ ತಪ್ಪೇನಿಲ್ಲ.

ಅಂಕಿಅಂಶದ ವಿಚಾರಕ್ಕೆ ಇನ್ನೂ ನೇರವಾದ ಪರಿಹಾರವಿದೆ. ಶಾಲೆಗಳಿಂದ ಮತ್ತೆ ಮತ್ತೆ ಕೇಳುವ ಮಾಹಿತಿಯ ದೊಡ್ಡ ಪಾಲು ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲೋ ಶಾಲೆಗಳ ಮಾಹಿತಿಯ ಯುಡೈಸ್ ಪ್ಲಸ್‌ನಲ್ಲೋ ಆಗಲೇ ಇರುತ್ತದೆ. ಬಿಆರ್‌ಸಿಯಲ್ಲಿ ಎಂಐಎಸ್ (ಮಾಹಿತಿ ನಿರ್ವಹಣೆಯ) ಸಂಯೋಜಕರ ಹುದ್ದೆ ಇರುವುದೇ ಇದಕ್ಕೆ. ಯಾವ ಪತ್ರವೂ ಕ್ಲಸ್ಟರಿಗೆ ಇಳಿಯುವ ಮೊದಲು ಅವರ ಮೇಜಿನ ಮೇಲೆ ಹಾದುಹೋಗಲಿ. ಇರುವ ಮಾಹಿತಿಯನ್ನು ಅಲ್ಲಿಂದಲೇ ಕೊಟ್ಟುಬಿಡಲಿ, ಇಲ್ಲದ ಅಂಕಣಗಳನ್ನಷ್ಟೇ ಶಾಲೆಗೆ ಕಳುಹಿಸಲಿ. ಒಂದು ತೊಡಕಿದೆ. ಎಸ್‌ಎಟಿಎಸ್‌ನ ಸಂಖ್ಯೆಗೂ ಶಾಲೆಯ ಹಾಜರಾತಿಗೂ ತಾಳೆಯಾಗದಿದ್ದರೆ ಮೇಲಿನವರು ಎಸ್‌ಎಟಿಎಸ್ ನಂಬದೆ ಮತ್ತೆ ಕೈಬರಹದ ನಮೂನೆ ಕೇಳುತ್ತಾರೆ. ಆದ್ದರಿಂದ ಜೂನ್ ಮತ್ತು ಜುಲೈನಲ್ಲಿ ದಾಖಲಾತಿ, ವರ್ಗಾವಣೆ ಪತ್ರಗಳ ನಮೂದನ್ನು ಶಾಲಾವಾರು ಸರಿಪಡಿಸಲು ನಾಲ್ಕು ದಿನ ಹಾಕಿದರೆ ಅದು ವ್ಯರ್ಥವಲ್ಲ. ಇಡೀ ವರ್ಷದ ಫಾರಂಗಳು ಅಷ್ಟರಿಂದ ಕಡಿಮೆಯಾಗುತ್ತವೆ.

ಸಮಿತಿ ಇರಲಿ, ಸಂತೆ ಬೇಡ

ಬಿಆರ್‌ಸಿಗೆ ಒಂದು ಸಲಹಾ ಸಮಿತಿ ಬೇಕು ಎಂದರೆ ಎಲ್ಲರೂ ಒಪ್ಪುತ್ತಾರೆ. ಆಮೇಲೆ ಎಲ್ಲ ಸಂಘಗಳ ಪದಾಧಿಕಾರಿಗಳನ್ನೂ ಸೇರಿಸಿ 40 ಜನರ ಪಟ್ಟಿ ಮಾಡುತ್ತಾರೆ. ಅದು ಒಮ್ಮೆ ಸೇರಿ, ಚಹಾ ಕುಡಿದು, ಮತ್ತೆ ಸೇರುವುದಿಲ್ಲ. ಹನ್ನೊಂದು ಜನ ಸಾಕು. ಅಧ್ಯಕ್ಷರಾಗಿ ಬಿಇಒ, ಡಯಟ್‌ನ ನೋಡಲ್ ಉಪನ್ಯಾಸಕರು, ಸದಸ್ಯ ಕಾರ್ಯದರ್ಶಿಯಾಗಿ ಬಿಆರ್‌ಸಿ ಸಮನ್ವಯಾಧಿಕಾರಿ, ಒಬ್ಬ ಬಿಆರ್‌ಪಿ (ಬಿಆರ್‌ಸಿಯ ಸಂಪನ್ಮೂಲ ವ್ಯಕ್ತಿ), ವರ್ಷಕ್ಕೊಮ್ಮೆ ಬದಲಾಗುವ ಇಬ್ಬರು ಸಿಆರ್‌ಪಿಗಳು, ಒಬ್ಬ ಮುಖ್ಯ ಶಿಕ್ಷಕರು, ಮೂವರು ಶಿಕ್ಷಕರು, ಒಬ್ಬ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು. ಮೂವರು ಶಿಕ್ಷಕರಲ್ಲಿ ಒಬ್ಬರು ನಲಿ ಕಲಿ (ಕೆಳಗಿನ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆ) ತರಗತಿಯವರು, ಒಬ್ಬರು ಹಿರಿಯ ಪ್ರಾಥಮಿಕ, ಒಬ್ಬರು ಪ್ರೌಢಶಾಲೆಯವರು. ತಾಲ್ಲೂಕಿನಲ್ಲಿ ಉರ್ದು, ಮರಾಠಿ, ತೆಲುಗು ಮಾಧ್ಯಮದ ಶಾಲೆಗಳಿದ್ದರೆ ಈ ಮೂವರಲ್ಲಿ ಒಬ್ಬರು ಅಲ್ಲಿಯವರಾಗಿರಲಿ. ತರಬೇತಿಯಲ್ಲಿ ಸದಾ ಕೊನೆಗೆ ನೆನಪಾಗುವ ಶಾಲೆಗಳು ಅವೇ.

ವರ್ಷಕ್ಕೆ ನಾಲ್ಕು ಸಭೆ: ಜೂನ್ ಎರಡನೇ ವಾರ, ದಸರಾ ರಜೆಗೆ ಮೊದಲು, ಡಿಸೆಂಬರ್, ಫೆಬ್ರವರಿ ಕೊನೆ. ಜೂನ್ ಸಭೆ ವರ್ಷದ ಕ್ರಿಯಾ ಯೋಜನೆಯನ್ನು ನಿಗದಿ ಮಾಡುತ್ತದೆ, ಫೆಬ್ರವರಿಯದು ಖರ್ಚು ಮತ್ತು ಉಳಿಕೆಯನ್ನು ನೋಡುತ್ತದೆ. ಕೋರಂ ಆರು, ಅದರಲ್ಲಿ ಕನಿಷ್ಠ ಇಬ್ಬರು ಶಿಕ್ಷಕರು. ಈ ಎರಡನೇ ಷರತ್ತು ಇಲ್ಲದಿದ್ದರೆ ಸಭೆ ಕಚೇರಿಯವರ ನಡುವಿನ ಮಾತುಕತೆಯಾಗಿ ಉಳಿಯುತ್ತದೆ. ಕಾರ್ಯಸೂಚಿಯಲ್ಲಿ ಮೊದಲು ಶೈಕ್ಷಣಿಕ ವಿಷಯ, ಆಮೇಲೆ ಹಣ, ಕೊನೆಗೆ ಇತರೆ. ತಿರುಗಾಮುರುಗಾ ಮಾಡಿದರೆ ಎರಡು ಗಂಟೆಯೂ ಕಟ್ಟಡದ ಸೋರಿಕೆ, ಕರೆಂಟ್ ಬಿಲ್ಲಿನಲ್ಲೇ ಕಳೆಯುತ್ತದೆ. ನಡಾವಳಿ ಮೂರು ದಿನದೊಳಗೆ ಹೊರಬರಬೇಕು. ಪ್ರತಿ ತೀರ್ಮಾನದ ಮುಂದೆ ಯಾರು, ಯಾವ ದಿನದೊಳಗೆ ಎಂದು ಬರೆಯಬೇಕು. ‘ಕ್ರಮ ವಹಿಸಲು ತೀರ್ಮಾನಿಸಲಾಯಿತು’ ಎಂಬ ಸಾಲು ಕಂಡರೆ ಅಲ್ಲಿ ತೀರ್ಮಾನ ಆಗಿಲ್ಲ ಎಂದೇ ತಿಳಿಯಬಹುದು.

ಶೈಕ್ಷಣಿಕ ವಿಷಯದಲ್ಲಿ ಡಯಟ್ ಉಪನ್ಯಾಸಕರ ಮಾತಿಗೆ ಅಧ್ಯಕ್ಷರ ಮಾತಿನಷ್ಟೇ ಬೆಲೆ ಇರಬೇಕು. ಭಿನ್ನಾಭಿಪ್ರಾಯ ಬಂದರೆ ಎರಡೂ ಅಭಿಪ್ರಾಯ ನಡಾವಳಿಯಲ್ಲಿ ದಾಖಲಾಗಿ ಇಬ್ಬರು ಉಪನಿರ್ದೇಶಕರ ಮುಂದೆ ಹೋಗಲಿ. ಇಂಥ ಕಡತ ವರ್ಷಕ್ಕೆ ಒಂದೆರಡಕ್ಕಿಂತ ಹೆಚ್ಚು ಹೋಗುವುದಿಲ್ಲ. ಹೋಗಬಹುದು ಎಂಬ ಅವಕಾಶವೇ ಬಹುಪಾಲು ಜಗಳವನ್ನು ಕೆಳಗೇ ಮುಗಿಸುತ್ತದೆ.

ನೆರವು ಬೇರೆ, ತಪಾಸಣೆ ಬೇರೆ

ಶಿಕ್ಷಣ ಸಂಯೋಜಕರು, ಅಂದರೆ ಇಸಿಒಗಳು, ಆಡಳಿತದ ಕಡೆಯವರು. ಹಾಜರಾತಿ, ಬಿಸಿಯೂಟದ ದಾಸ್ತಾನು, ಶೌಚಾಲಯ, ಸೌಲಭ್ಯಗಳ ವಿತರಣೆ ಅವರ ವ್ಯಾಪ್ತಿ. ಸಿಆರ್‌ಪಿ ತರಗತಿಯ ಕಡೆಯವರು. ಇಸಿಒ ಹುದ್ದೆ ಖಾಲಿ ಇದ್ದಲ್ಲಿ ಅವರ ಕೆಲಸ ಸದ್ದಿಲ್ಲದೆ ಸಿಆರ್‌ಪಿಗೆ ಹರಿದುಬರುತ್ತದೆ. ಅಲ್ಲಿಂದ ಮುಂದೆ ಸಿಆರ್‌ಪಿ ಗೇಟು ದಾಟುತ್ತಿದ್ದಂತೆ ಶಿಕ್ಷಕರು ಪಾಠದ ಯೋಜನೆ ಹುಡುಕುವುದನ್ನು ಬಿಟ್ಟು ಅಕ್ಕಿಯ ಲೆಕ್ಕದ ಪುಸ್ತಕ ಹುಡುಕುತ್ತಾರೆ. ಒಮ್ಮೆ ಹೀಗಾದ ಮೇಲೆ ಅದೇ ಸಿಆರ್‌ಪಿಗೆ ‘ಈ ಘಟಕ ನನಗೇ ಸರಿಯಾಗಿ ಅರ್ಥವಾಗಿಲ್ಲ’ ಎಂದು ಯಾವ ಶಿಕ್ಷಕರೂ ಹೇಳುವುದಿಲ್ಲ. ಆ ಮಾತು ಬರದಿದ್ದರೆ ನೆರವು ಶುರುವಾಗುವುದೇ ಇಲ್ಲ.

ಹೀಗಾಗಿ ದಾಖಲೆಯನ್ನು ಎರಡು ಮಾಡಬೇಕು. ಶಾಲೆಯ ಸಂದರ್ಶನ ಪುಸ್ತಕದಲ್ಲಿ ಬಂದ ಸಮಯ, ಹೊರಟ ಸಮಯ, ನೋಡಿದ ತರಗತಿ, ಒಪ್ಪಿಕೊಂಡ ಮುಂದಿನ ಹೆಜ್ಜೆ, ಇಷ್ಟೇ. ತರಗತಿ ವೀಕ್ಷಣೆಯ ಟಿಪ್ಪಣಿ ಬೇರೆ ಹಾಳೆಯಲ್ಲಿ, ಒಂದು ಪ್ರತಿ ಶಿಕ್ಷಕರಿಗೆ, ಒಂದು ಸಿಆರ್‌ಪಿಗೆ. ಅದು ಬಿಇಒ ಕಚೇರಿಗೆ ಹೋಗಬಾರದು, ನೋಟಿಸಿಗೆ ಆಧಾರವಾಗಬಾರದು. ಬಿಆರ್‌ಸಿಗೆ ಹೋಗುವುದು ಹೆಸರಿಲ್ಲದ ಸಾರಾಂಶ: ‘ಈ ಕ್ಲಸ್ಟರಿನಲ್ಲಿ 4 ಮತ್ತು 5ನೇ ತರಗತಿಯ ಭಿನ್ನರಾಶಿ ಪಾಠದಲ್ಲಿ ಒಂಬತ್ತು ಕಡೆ ಒಂದೇ ತೊಂದರೆ ಕಂಡಿತು’ ಎಂಬಂಥದ್ದು. ತರಬೇತಿಯ ವಿಷಯ ಹುಟ್ಟಬೇಕಾದದ್ದು ಇಲ್ಲಿಂದ.

ಗುಟ್ಟಿನ ಮಿತಿಯೂ ಬರಹದಲ್ಲಿರಬೇಕು, ಇಲ್ಲದಿದ್ದರೆ ಸಿಆರ್‌ಪಿ ಇಕ್ಕಟ್ಟಿಗೆ ಸಿಲುಕುತ್ತಾರೆ. ಮಗುವಿಗೆ ಹೊಡೆತ ಅಥವಾ ಮಾನಸಿಕ ಹಿಂಸೆ ಕಂಡರೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ಇದೆ. ಅದನ್ನು ವರದಿ ಮಾಡಲೇಬೇಕು. ಲೈಂಗಿಕ ದೌರ್ಜನ್ಯದ ಶಂಕೆ ಬಂದರೂ 2012ರ ಪೋಕ್ಸೊ ಕಾಯ್ದೆ ಪೊಲೀಸರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿದೆ. ಅಲ್ಲಿ ಮುಖ್ಯ ಶಿಕ್ಷಕರ ಒಪ್ಪಿಗೆ, ಬಿಇಒ ಅನುಮತಿ ಎಂದು ಕಾಯುವ ಹಾಗಿಲ್ಲ. ಶಿಕ್ಷಕರು ಅನಧಿಕೃತವಾಗಿ ಗೈರಾಗಿದ್ದರೆ ಆ ಸಂಗತಿ ಸಂದರ್ಶನ ಪುಸ್ತಕಕ್ಕೆ ಹೋಗುತ್ತದೆ, ವೀಕ್ಷಣಾ ಹಾಳೆಗೆ ಅಲ್ಲ. ಈ ಮೂರು ಅಂಶಗಳನ್ನು ವರ್ಷದ ಮೊದಲ ಸಮಾಲೋಚನಾ ಸಭೆಯಲ್ಲಿ ಎಲ್ಲ ಶಿಕ್ಷಕರ ಮುಂದೆ ಓದಿ ಹೇಳಬೇಕು.

ಭೇಟಿಯ ರೂಪವೂ ನಿಗದಿಯಾಗಿರಲಿ. ಪ್ರಾರ್ಥನೆಗೆ ಮೊದಲು ತಲುಪುವುದು. 40 ನಿಮಿಷದ ಒಂದು ಅವಧಿ ಪೂರ್ತಿ, ಹಿಂದೆ ಕೂತು, ನಡುವೆ ಬಾಯಿ ಹಾಕದೆ. ಆಮೇಲೆ ನಾಲ್ಕೈದು ಮಕ್ಕಳ ಪುಸ್ತಕ ನೋಡುವುದು, ಒಂದಿಬ್ಬರಿಂದ ಓದಿಸುವುದು. ಅದೇ ದಿನ ಶಿಕ್ಷಕರ ಜೊತೆ 20 ನಿಮಿಷ ಮಾತು. ಒಂದೇ ಒಂದು ಬದಲಾವಣೆಯನ್ನು ಇಬ್ಬರೂ ಒಪ್ಪುವುದು. ಏಳು ಸಲಹೆ ಬರೆದುಹೋದರೆ ಒಂದೂ ನಡೆಯುವುದಿಲ್ಲ. ನಲಿ ಕಲಿ ಕೊಠಡಿಯಲ್ಲಿ ಒಂದು ಅವಧಿಯೆಂಬ ಲೆಕ್ಕ ಕೆಲಸಕ್ಕೆ ಬಾರದು: 1ರಿಂದ 3ನೇ ತರಗತಿಯ ಮಕ್ಕಳು ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿ, ಐದು ಗುಂಪಿನಲ್ಲಿ ಕೂತಿರುತ್ತಾರೆ. ಶಿಕ್ಷಕರ ಬೆಂಬಲದ ಗುಂಪನ್ನಷ್ಟೇ ನೋಡಿ ಹೊರಟರೆ ಸಹಪಾಠಿಗಳ ಗುಂಪು, ಸ್ವಕಲಿಕೆಯ ಗುಂಪು ಏನು ಮಾಡುತ್ತಿದ್ದವು ಎಂಬುದೇ ಗೊತ್ತಾಗುವುದಿಲ್ಲ. ತೊಂದರೆ ಇರುವುದೂ ಸಾಮಾನ್ಯವಾಗಿ ಅಲ್ಲೇ. ಕನಿಷ್ಠ ಒಂದೂವರೆ ಗಂಟೆ ಬೇಕು.

ಫೋಟೊ ಹಾವಳಿಯ ಬಗ್ಗೆ ಒಂದು ಮಾತು. ಜಿಪಿಎಸ್ ಇರುವ ಫೋಟೊ ತೆಗೆದು ಗ್ರೂಪಿಗೆ ಹಾಕುವುದೇ ಭೇಟಿಗೆ ಸಾಕ್ಷಿ ಎಂದಾದ ಮೇಲೆ ಒಂದು ದಿನದಲ್ಲಿ ಐದು ಶಾಲೆ ‘ಮುಗಿಸುವುದು’ ಸುಲಭವಾಗಿದೆ. ಸಾಕ್ಷಿ ಬೇಕೆಂದರೆ ಸಂದರ್ಶನ ಪುಸ್ತಕದ ಬಂದುಹೋದ ಸಮಯ ನೋಡಿ. ಮೂರು ಗಂಟೆಗಿಂತ ಕಡಿಮೆ ಇದ್ದ ಭೇಟಿಯನ್ನು ಶೈಕ್ಷಣಿಕ ಭೇಟಿ ಎಂದು ಎಣಿಸದಿದ್ದರೆ ಆಯಿತು.

ಸಮಾಲೋಚನಾ ಸಭೆ

ಕ್ಲಸ್ಟರ್ ಸಭೆ ಹಾಳಾಗುವುದು ಸುತ್ತೋಲೆ ಓದುವುದರಿಂದ. ಸುತ್ತೋಲೆಗಳು ಗ್ರೂಪಿನಲ್ಲಿ ಆಗಲೇ ಬಂದಿರುತ್ತವೆ. ಗೊಂದಲವಿರುವ ಅಂಶಗಳಿಗೆ ಕೊನೆಯ 20 ನಿಮಿಷ ಕೊಟ್ಟರೆ ಸಾಕು. ಮೂರು ಗಂಟೆಯ ಸಭೆಯಲ್ಲಿ ಮೊದಲ ಎರಡೂವರೆ ಗಂಟೆ ಪಾಠದ ಕೆಲಸ: ಒಬ್ಬ ಶಿಕ್ಷಕರ ಮಾದರಿ ಪಾಠ, ಅದರ ಚರ್ಚೆ, ಮಕ್ಕಳ ಬರವಣಿಗೆಯ ನಿಜವಾದ ಮಾದರಿಗಳನ್ನು ಒಟ್ಟಿಗೆ ನೋಡುವುದು, ಮುಂದಿನ ತಿಂಗಳ ಕಷ್ಟದ ಘಟಕಕ್ಕೆ ಒಟ್ಟಿಗೆ ತಯಾರಿ. ನಲಿ ಕಲಿಯವರು ಮತ್ತು ಹಿರಿಯ ಪ್ರಾಥಮಿಕದವರು ಬೇರೆ ಕೊಠಡಿಯಲ್ಲಿ ಕೂರಲಿ. ಹಾಜರಾತಿ ಪ್ರಮಾಣಪತ್ರ ಸಭೆ ಮುಗಿದ ಮೇಲೆಯೇ ಕೊಡಬೇಕು ಎಂಬುದು ಸಣ್ಣ ವಿಷಯವೆನಿಸಬಹುದು, ಊಟದ ನಂತರದ ಖಾಲಿ ಕುರ್ಚಿಗಳನ್ನು ನೋಡಿದವರಿಗೆ ಹಾಗೆನಿಸದು.

ಏಕೋಪಾಧ್ಯಾಯ ಶಾಲೆಗಳು ಇಲ್ಲಿನ ನಿಜವಾದ ಸಮಸ್ಯೆ. ಶಿಕ್ಷಕರು ಸಭೆಗೆ ಬಂದರೆ ಶಾಲೆಗೆ ಬೀಗ. ಬಾರದಿದ್ದರೆ ಎಲ್ಲಕ್ಕಿಂತ ಹೆಚ್ಚು ನೆರವು ಬೇಕಾದವರೇ ಹೊರಗುಳಿಯುತ್ತಾರೆ. ಎರಡು ಉಪಾಯ ನಡೆಯುತ್ತವೆ. ಪಕ್ಕದ ದೊಡ್ಡ ಶಾಲೆಯಿಂದ ಒಬ್ಬರನ್ನು ಆ ದಿನದ ಮಟ್ಟಿಗೆ ನಿಯೋಜಿಸಿ, ಆದೇಶವನ್ನು ತಿಂಗಳ ಮೊದಲೇ ಹೊರಡಿಸುವುದು ಒಂದು. ಅರ್ಧ ದಿನ ತರಗತಿ ಇರುವ ಶನಿವಾರ ಮಧ್ಯಾಹ್ನ ಇಂಥ ಶಿಕ್ಷಕರಿಗೆಂದೇ ಸಣ್ಣ ಸಭೆ ಸೇರಿಸುವುದು ಇನ್ನೊಂದು. ಆಗ ಅವರ ಸಮಯಕ್ಕೆ ಬದಲಿ ಸೌಲಭ್ಯ ಏನೆಂದು ಬಿಇಒ ಮೊದಲೇ ತಿಳಿಸಬೇಕು, ಒಳ್ಳೆಯತನವನ್ನೇ ನಂಬಿ ನಡೆಸಿದರೆ ಎರಡನೇ ತಿಂಗಳಿಗೆ ನಿಲ್ಲುತ್ತದೆ.

ತರಬೇತಿಯ ವಿಚಾರದಲ್ಲಿ ಆಡಳಿತದ ಲೋಪ ಶುರುವಾಗುವುದು ಬಿಡುಗಡೆ ಆದೇಶದಲ್ಲಿ. ‘ಶಾಲೆಯಿಂದ ಒಬ್ಬ ಶಿಕ್ಷಕರನ್ನು ಕಳುಹಿಸುವುದು’ ಎಂದು ಬರೆದರೆ ಹೋಗುವುದು ಯಾವಾಗಲೂ ಅದೇ ಒಬ್ಬರು: ಊರಿಗೆ ಹತ್ತಿರವಿರುವವರೋ ಹೊಸಬರೋ. ಗಣಿತ ತರಬೇತಿಗೆ ಸಮಾಜ ವಿಜ್ಞಾನದವರು ಬಂದು ಕೂರುತ್ತಾರೆ. ಆದೇಶದಲ್ಲಿ ಹೆಸರೇ ಇರಬೇಕು. ಅದಕ್ಕೆ ಬಿಆರ್‌ಸಿಯಲ್ಲಿ ಶಿಕ್ಷಕರವಾರು ತರಬೇತಿ ವಹಿ ಬೇಕು: ಯಾರು, ಯಾವ ವಿಷಯ, ಎಷ್ಟು ಗಂಟೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿಪರ ಅಭಿವೃದ್ಧಿ ಹೇಳುತ್ತದೆ. ವಹಿ ತೆರೆದರೆ ಕೆಲವರದು ಅದರ ಎರಡು ಪಟ್ಟು, ಕೆಲವರದು ಸೊನ್ನೆ ಇರುವುದು ಕಾಣುತ್ತದೆ.

ಇನ್ನೊಂದು ಸೋರಿಕೆ ಮೇಲಿನಿಂದ ಇಳಿಯುವ ತರಬೇತಿಯದು. ರಾಜ್ಯ ಮಟ್ಟದಲ್ಲಿ ಐದು ದಿನ ನಡೆದದ್ದು ಜಿಲ್ಲೆಯಲ್ಲಿ ಮೂರಾಗಿ, ತಾಲ್ಲೂಕಿನಲ್ಲಿ ಒಂದೂವರೆಯಾಗುತ್ತದೆ. ಕತ್ತರಿ ಬೀಳುವುದು ಚಟುವಟಿಕೆಗೆ, ಉಳಿಯುವುದು ಪಿಪಿಟಿ. ದಿನಗಳು ಕಡಿಮೆಯೆಂದು ಖಚಿತವಾದರೆ ವಿಷಯಗಳನ್ನು ಕಡಿಮೆ ಮಾಡಬೇಕು, ಚಟುವಟಿಕೆಯನ್ನಲ್ಲ. ಅದನ್ನು ತೀರ್ಮಾನಿಸುವ ಅಧಿಕಾರ ಬಿಆರ್‌ಪಿಗಳಿಗಿದೆ ಎಂದು ಸಮಿತಿ ಬರೆದುಕೊಡಬೇಕು. ತಂಡ 40 ದಾಟಬಾರದು, ಪ್ರತಿ ತಂಡಕ್ಕೆ ಇಬ್ಬರು ಸಂಪನ್ಮೂಲ ವ್ಯಕ್ತಿಗಳು. ವರ್ಷದ ತರಬೇತಿ ದಿನಗಳಲ್ಲಿ ಮೂರನೇ ಒಂದು ಭಾಗವಾದರೂ ಭೇಟಿಗಳ ಸಾರಾಂಶದಿಂದ ಹುಟ್ಟಿದ ಸ್ಥಳೀಯ ವಿಷಯಕ್ಕೆ ಮೀಸಲಿರಲಿ. ಎಚ್.ಡಿ. ಕೋಟೆಯಲ್ಲಿ 1995ರ ಸುಮಾರಿಗೆ ನಲಿ ಕಲಿ ಬೇರೂರಿದ್ದು ಶಿಕ್ಷಕರೇ ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ, ವಾಪಸು ಬಂದು ತಮ್ಮ ಕೈಯಾರೆ ಕಲಿಕಾ ಕಾರ್ಡುಗಳನ್ನು ಕಟ್ಟಿದ್ದರಿಂದ ಎಂಬುದು ಈ ರಾಜ್ಯದ್ದೇ ಅನುಭವ.

ಹಣ

ಅನುದಾನ ದೊಡ್ಡದಲ್ಲ. ಅದು ತಡವಾಗಿ ಬರುವುದು ದೊಡ್ಡ ಸಮಸ್ಯೆ. ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಮಾರ್ಚ್ 31ರೊಳಗೆ ಖರ್ಚಾಗಬೇಕು ಎಂದಾಗ ಪರೀಕ್ಷೆಯ ಹೊತ್ತಿನಲ್ಲಿ ತರಬೇತಿ ನಡೆಯುತ್ತದೆ, ಬೇಡದ ಕಪಾಟು ಬರುತ್ತದೆ. ತಪ್ಪಿಸಲು ಇರುವ ದಾರಿ ಒಂದೇ: ಜೂನ್‌ನಲ್ಲೇ ಅನುಮೋದಿತ ಕ್ರಿಯಾ ಯೋಜನೆ, ಆದ್ಯತೆಯ ಕ್ರಮದಲ್ಲಿ ಬೇಡಿಕೆ ಪಟ್ಟಿ, ಡಿಸೆಂಬರ್ ಒಳಗೆ ದರಪಟ್ಟಿಗಳು ಸಿದ್ಧ. ಹಣ ಬಂದ ದಿನ ಯೋಚನೆ ಶುರು ಮಾಡಬಾರದು. 2021ರ ನಂತರದ ಏಕ ನೋಡಲ್ ಖಾತೆಯ ಪದ್ಧತಿಯಲ್ಲಿ ಕೆಳಗಿನ ಖಾತೆಗಳು ಶೂನ್ಯ ಶಿಲ್ಕಿನವು. ಖರ್ಚಿನ ಮಿತಿಯಷ್ಟೇ ಕೈಗೆ ಬರುತ್ತದೆ. ಮುಂದಿನ ವರ್ಷಕ್ಕೆ ಖಾತೆಯಲ್ಲಿ ಉಳಿಸಿಕೊಳ್ಳೋಣ ಎಂಬ ಹಳೆಯ ಉಪಾಯ ಈಗ ನಡೆಯದು.

ಸರ್ಕಾರಿ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಯಾದ ಪಿಎಫ್‌ಎಂಎಸ್‌ನಲ್ಲಿ ಪಾವತಿ ಸಿದ್ಧಪಡಿಸುವವರು ಮತ್ತು ಅನುಮೋದಿಸುವವರು ಬೇರೆ ಬೇರೆ ಲಾಗಿನ್ ಬಳಸುತ್ತಾರೆ. ಇಬ್ಬರ ಕಣ್ಣು ಬೀಳಲಿ ಎಂಬುದೇ ಇದರ ಉದ್ದೇಶ. ಎರಡೂ ಪಾಸ್‌ವರ್ಡ್ ಲೆಕ್ಕಿಗರ ಮೇಜಿನ ಗಾಜಿನ ಕೆಳಗೆ ಚೀಟಿಯಲ್ಲಿದ್ದರೆ ಆ ಉದ್ದೇಶ ಅಲ್ಲಿಗೆ ಮುಗಿಯಿತು. ಓಟಿಪಿ ಬರುವ ಮೊಬೈಲ್ ಸಂಖ್ಯೆ ಹಿಂದಿನ ಅಧಿಕಾರಿಯದೇ ಉಳಿದಿರುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಪ್ರಭಾರ ವಹಿಸಿಕೊಂಡ ದಿನವೇ ಬದಲಿಸಬೇಕು.

ಆಡಿಟ್ ಆಕ್ಷೇಪಣೆಗಳು ಸಾಮಾನ್ಯವಾಗಿ ದೊಡ್ಡ ಅವ್ಯವಹಾರದಿಂದ ಬರುವುದಿಲ್ಲ, ಕಾಗದಗಳು ಪರಸ್ಪರ ತಾಳೆಯಾಗದಿರುವುದರಿಂದ ಬರುತ್ತವೆ. ಹಾಜರಿ 36, ಊಟದ ಬಿಲ್ಲು 40. ಸಿಆರ್‌ಪಿಯ ಪ್ರಯಾಣ ಭತ್ಯೆಯ ಬಿಲ್ಲಿನಲ್ಲಿರುವ ದಿನಾಂಕಕ್ಕೆ ಶಾಲೆಯ ಸಂದರ್ಶನ ಪುಸ್ತಕದಲ್ಲಿ ಸಹಿಯಿಲ್ಲ. ಸಾಮಗ್ರಿಗೆ ಪಾವತಿ ಆಗಿದೆ, ದಾಸ್ತಾನು ವಹಿಯಲ್ಲಿ ನಮೂದು ಒಂದು ತಿಂಗಳ ನಂತರ. ಹಾಜರಿಯ ಎಲ್ಲ ಸಹಿಗಳೂ ಒಂದೇ ಕೈಬರಹ. ಆದ್ದರಿಂದ ಬೆಳಗಿನ ಮತ್ತು ಮಧ್ಯಾಹ್ನದ ಅವಧಿಗೆ ಬೇರೆ ಬೇರೆ ಸಹಿ ಪಡೆಯಿರಿ, ಊಟದ ಆರ್ಡರನ್ನು ಹನ್ನೊಂದು ಗಂಟೆಯ ಹಾಜರಿ ನೋಡಿ ಖಚಿತಪಡಿಸಿ, ದಾಸ್ತಾನು ವಹಿಯ ಪುಟಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದ ನಂತರವೇ ಪಾವತಿಗೆ ಕಳುಹಿಸಿ. ಹಣ ಬಳಕೆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು ನಗದು ಪುಸ್ತಕವನ್ನು ಬ್ಯಾಂಕ್ ವಿವರಣೆಯೊಂದಿಗೆ ಹೋಲಿಸಿ ಮುಕ್ತಾಯ ಮಾಡಿರಬೇಕು. ಜಿಲ್ಲೆಯಿಂದ ಫೋನು ಬಂತೆಂದು ಮೊದಲು ಸಹಿ, ಆಮೇಲೆ ಲೆಕ್ಕ ಎಂದು ಮಾಡಿದ ಕಡತಗಳೇ ವರ್ಷಗಟ್ಟಲೆ ಬೆನ್ನು ಹತ್ತುತ್ತವೆ.

ಜನ ಮತ್ತು ಪ್ರಭಾರ

ಮಾನದಂಡದ ಪ್ರಕಾರ ಬಿಆರ್‌ಸಿಗೆ ವಿಷಯವಾರು ಆರು ಸಂಪನ್ಮೂಲ ವ್ಯಕ್ತಿಗಳು, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇಬ್ಬರು. ಹುದ್ದೆ ತುಂಬಿದೆಯೇ ಎಂದಷ್ಟೇ ನೋಡಿದರೆ ಸಾಲದು; ಆರರಲ್ಲಿ ಮೂವರು ಕನ್ನಡದವರಾಗಿ ಗಣಿತಕ್ಕೆ ಯಾರೂ ಇಲ್ಲದಿರುವುದು ಉಂಟು. ಆಯ್ಕೆ ಪರೀಕ್ಷೆ ಮತ್ತು ಕೌನ್ಸೆಲಿಂಗ್ ಮೂಲಕ ನಡೆಯುವುದರಿಂದ ತಾಲ್ಲೂಕು ಅದನ್ನು ಬದಲಿಸಲಾರದು. ಆದರೆ ಇಲ್ಲದ ವಿಷಯಕ್ಕೆ ಪ್ರೌಢಶಾಲೆಯ ಇಬ್ಬರು ಶಿಕ್ಷಕರನ್ನು ಗುರುತಿಸಿ ತಿಂಗಳಿಗೆ ಎರಡು ದಿನ ಓಓಡಿ (ಅನ್ಯ ಕರ್ತವ್ಯ) ಮೇಲೆ ಪಡೆಯಬಹುದು. ಹೊಸ ಸಿಆರ್‌ಪಿಯನ್ನು ಮೊದಲ ಹತ್ತು ಭೇಟಿಗಳಿಗೆ ಅನುಭವಿಗಳ ಜೊತೆ ಕಳುಹಿಸಬೇಕು: ಮೊದಲ ಐದರಲ್ಲಿ ನೋಡಲಿ, ಉಳಿದ ಐದರಲ್ಲಿ ತಾವು ಮಾತಾಡಲಿ. ಒಳ್ಳೆಯ ಶಿಕ್ಷಕರೆಲ್ಲ ಇನ್ನೊಬ್ಬ ಶಿಕ್ಷಕರಿಗೆ ಹೇಳಿಕೊಡಬಲ್ಲರು ಎಂದು ಭಾವಿಸುವುದು ತಪ್ಪು. ಅದು ಬೇರೆಯೇ ಕಸುಬು.

ಸಿಆರ್‌ಪಿ ಅವಧಿ ಮುಗಿಸಿ ಶಾಲೆಗೆ ಮರಳಿದಾಗ ಕ್ಲಸ್ಟರಿನ ತಿಳಿವಳಿಕೆಯೂ ಜೊತೆಗೇ ಹೊರಟುಹೋಗುತ್ತದೆ. ಪ್ರಭಾರ ಪಟ್ಟಿಯಲ್ಲಿ ಕುರ್ಚಿ, ಕಪಾಟು, ಪ್ರಿಂಟರ್ ಇರುತ್ತವೆ. 18 ಶಾಲೆಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಪ್ರತಿ ಶಾಲೆಗೂ ಒಂದು ಪುಟ ಬರೆಸಿ. ಬಹುವರ್ಗ ಬೋಧನೆ ಎಲ್ಲಿದೆ, ಯಾವ ಶಿಕ್ಷಕರ ಜೊತೆ ಯಾವ ಅಂಶದ ಮೇಲೆ ಕೆಲಸ ನಡೆಯುತ್ತಿತ್ತು, ಯಾರು ಬೇರೆಯವರಿಗೆ ಮಾದರಿ ಪಾಠ ಮಾಡಬಲ್ಲರು, ಮನೆಮಾತು ಬೇರೆಯಿರುವ ಮಕ್ಕಳು ಎಲ್ಲಿ ಹೆಚ್ಚು, ಮಳೆಗಾಲದಲ್ಲಿ ಯಾವ ಶಾಲೆಯ ದಾರಿ ಕಡಿಯುತ್ತದೆ. ವೀಕ್ಷಣಾ ಹಾಳೆಗಳನ್ನು ಹಸ್ತಾಂತರಿಸುವ ಮೊದಲು ಆಯಾ ಶಿಕ್ಷಕರನ್ನು ಕೇಳಬೇಕು, ಬೇಡವೆಂದವರ ಹಾಳೆಯನ್ನು ಅವರಿಗೇ ಹಿಂದಿರುಗಿಸಬೇಕು. ಹೊಸಬರು, ಹಳಬರು ಇಬ್ಬರೂ ಒಟ್ಟಿಗೆ ಕನಿಷ್ಠ ಮೂರು ಶಾಲೆಗಳಿಗೆ ಹೋಗಿ ಬಂದ ಮೇಲೆ ಪ್ರಭಾರ ಪ್ರಮಾಣಪತ್ರಕ್ಕೆ ಸಮನ್ವಯಾಧಿಕಾರಿ ಸಹಿ ಹಾಕಲಿ.